ಯಾರದೂ ಅಲ್ಲದ ಮೈಕ್ರೋಸ್ಕೋಪುಗಳು

ಸುಳ್ಳು ಹೇಳುವುದೇ ಆದರೆ ಮನುಷ್ಯ ಒಬ್ಬನೇ ಹೇಳಬೇಕು. ಇಬ್ಬರು ಪಾಲುದಾರಿಕೆಯಲ್ಲಿ ಆ ವ್ಯಾಪಾರಕ್ಕೆ ಇಳಿದರೆ, ಒಬ್ಬ ಕಣ್ಣು ಮುಚ್ಚಿದ ದಿನ ಅಂಗಡಿಯ ಪೂರ್ತಿ ಭಾರ ಇನ್ನೊಬ್ಬನ ತಲೆಯ ಮೇಲೆ ಬೀಳುತ್ತದೆ. ಲೈಬ್ರರಿಯವರಿಗೆ ಈ ಜ್ಞಾನೋದಯವಾದದ್ದು ಯಾವ ಮರದ ಕೆಳಗೂ ಅಲ್ಲ, ತಮ್ಮ ಮನೆಯ ಹಜಾರದಲ್ಲಿ. ಹೆಂಡತಿ ಅವರ ಪ್ರಾಣವನ್ನು ಹಳೆಯ ಟವೆಲಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ ಹೊತ್ತಿನಲ್ಲಿ.

(ಪ್ರಾಣ ಎಂದರೆ ಹಿತ್ತಾಳೆಯ ಪ್ರಾಣ. ಒಂದು ಗೇಣಿಗಿಂತ ಸ್ವಲ್ಪ ಎತ್ತರ, ಬುಡದಲ್ಲಿ ಓಲಾಡುವ ಪುಟ್ಟ ಕನ್ನಡಿ, ತುದಿಯಲ್ಲಿ ಕಣ್ಣಿಡುವ ಮಸೂರ, ಪಕ್ಕದಲ್ಲಿ ಕಿವಿಗಳಂತೆ ಎರಡು ತಿರುಪು. ಮುತ್ತಜ್ಜನ ಕಾಲದ ಮೈಕ್ರೋಸ್ಕೋಪು. ಇಂಥವು ಆ ಮನೆಯಲ್ಲಿ ಬೀರುವಿನ ಮೇಲೆ, ಮಂಚದ ಕೆಳಗೆ, ಸಕ್ಕರೆ ಡಬ್ಬದ ಹಿಂದೆ, ಹೀಗೆ ಹೆಂಡತಿಯ ಹೊಲಿಗೆ ಮಿಷನ್ನು ಇದ್ದ ಜಾಗವೊಂದನ್ನು ಬಿಟ್ಟು ಎಲ್ಲೆಡೆಯೂ ಸರ್ವಾಂತರ್ಯಾಮಿಯಾಗಿ ನೆಲೆಸಿದ್ದವು.)

"ಡಾಕ್ಟ್ರು ಹೋಗಿ ತಿಂಗಳ ಮೇಲಾಯ್ತು. ಇನ್ನೂ ಅವರ ಸಾಮಾನು ನಮ್ಮನೇಲಿ ಇಟ್ಕೊಂಡ್ರೆ ಜನ ಏನಂತಾರೆ? ಸತ್ತವರ ಸೊತ್ತು ನುಂಗಿ ಹಾಕಿದ್ರು ಅನ್ನಲ್ವಾ?" ಎಂದಳು ಹೆಂಡತಿ.

"ಯಾರೂ ಅನ್ನಲ್ಲ ಕಣೆ. ಇವು ಇಲ್ಲಿವೆ ಅಂತ ಯಾರಿಗೆ ಗೊತ್ತು?"

"ನನಗೆ ಗೊತ್ತಲ್ಲ!"

ಲೈಬ್ರರಿಯವರು ಬೇರೆ ದಾರಿ ಹಿಡಿದರು. "ಅತ್ತಿಗೆ ಪಾಪ ದುಃಖದಲ್ಲಿದಾರೆ. ಈಗ ಇದನ್ನೆಲ್ಲ ತಗೊಂಡು ಹೋಗಿ ಅವರೆದುರಿಗೆ ಸುರಿದ್ರೆ..."

"ಅವರ ಗಂಡನ ನೆನಪು ರೀ ಇವು. ಅವರ ಹತ್ರಾನೇ ಇರ್ಬೇಕು. ಅದ್ಸರಿ, ಎಷ್ಟು ಕಪ್ಪಾಗಿವೆ ನೋಡಿ. ಕೊಡೋ ಮುಂಚೆ ಒಂದ್ಸಲ ಉಜ್ಜಿ ತೊಳೆದುಬಿಡ್ಲಾ?"

"ಅಯ್ಯೋ!" ಎಂದು ಲೈಬ್ರರಿಯವರು ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ವೃತ್ತಿಯಿಂದಾಗಿ ಮನೆಯಲ್ಲೂ ಪಿಸುಮಾತಿನಲ್ಲೇ ಆಡುವ ಮನುಷ್ಯ. ಹೆಂಡತಿ ಬೆರಗಾಗಿ ನೋಡಿದಳು. ಹಳೆಯ ಹಿತ್ತಾಳೆಯ ಮೇಲೆ ಜೇನಿನ ಬಣ್ಣದ ತೆಳುವಾದ ಲೇಪವೊಂದು ಇರುತ್ತದೆ, ಉಜ್ಜಿದರೆ ಅದು ಹೋಯಿತು, ಅದು ಹೋದರೆ ಮೈಕ್ರೋಸ್ಕೋಪಿನ ಮಾನವೇ ಹೋಯಿತು ಎಂದು ಅವರು ವಿವರಿಸಬಹುದಿತ್ತು. ಆದರೆ ಪರರ ಸೊತ್ತಿನ ಬಗ್ಗೆ ಇಷ್ಟೊಂದು ಜ್ಞಾನ ಇರುವುದು ಒಳ್ಳೆಯ ಲಕ್ಷಣವಲ್ಲ. "ಬೇಡ. ಡಾಕ್ಟ್ರಿಗೆ ಇಷ್ಟ ಆಗ್ತಿರ್ಲಿಲ್ಲ" ಎಂದಷ್ಟೇ ಹೇಳಿದರು.

ಕಥೆಯ ಬುಡ ಎಲ್ಲಿದೆ ಎಂದರೆ, ಹಳೆಯ ಕಾಲೇಜೊಂದು ತನ್ನ ಪ್ರಯೋಗಶಾಲೆಯ ಗುಜರಿಯನ್ನು ಮಾರಿದ ದಿನದಲ್ಲಿ. ಲೈಬ್ರರಿಯವರು ಹೋದದ್ದು ಪುಸ್ತಕದ ಕಪಾಟಿಗಾಗಿ. ಹಲ್ಲಿನ ಡಾಕ್ಟರು ಹೋದದ್ದು ತಮ್ಮ ಕ್ಲಿನಿಕ್ಕಿಗೆ ಒಂದು ಗುಂಡು ಸ್ಟೂಲು ಸಿಗಬಹುದೆಂದು. ಇಬ್ಬರಿಗೂ ಕಪಾಟೂ ಸಿಗಲಿಲ್ಲ, ಸ್ಟೂಲೂ ಸಿಗಲಿಲ್ಲ. ಮುರುಕು ಬೆಂಚುಗಳ ಕೆಳಗೆ ಧೂಳು ಹೊದ್ದು ಮಲಗಿದ್ದ ಎರಡು ಹಿತ್ತಾಳೆಯ ಮೈಕ್ರೋಸ್ಕೋಪು ಸಿಕ್ಕವು. ಒಂದೊಂದನ್ನು ಕಂಕುಳಲ್ಲಿ ಇರುಕಿಕೊಂಡು ಹೊರಬರುವಾಗ ಇಬ್ಬರ ಮುಖದಲ್ಲೂ ಹೊಸದಾಗಿ ತಂದೆಯಾದವರ ಕಳೆ ಇತ್ತು. ಅಂದಿನಿಂದ ಒಬ್ಬ "ಹುಳ" ಆದ (ಪುಸ್ತಕದ ಹುಳ ಎಂಬುದರ ಸಂಕ್ಷೇಪ), ಇನ್ನೊಬ್ಬ "ಇಕ್ಕಳ" ಆದ.

ಮನೆಗೆ ಬಂದಾಗ ಹೆಂಡತಿ ಹೊಲಿಗೆ ಮಿಷನ್ನಿನ ಮುಂದಿದ್ದಳು. ಬಾಯಿಯ ತುಂಬ ಗುಂಡುಪಿನ್ನು. ಅವುಗಳ ನಡುವಿನಿಂದಲೇ "ಏನದು?" ಎಂದಳು. ಗುಂಡುಪಿನ್ನು ಕಚ್ಚಿಕೊಂಡ ಹೆಂಗಸಿಗೆ ನಿಜ ಹೇಳುವ ಧೈರ್ಯ ದೊಡ್ಡ ದೊಡ್ಡ ಸತ್ಯಸಂಧರಿಗೂ ಇರಲಾರದು. "ನಂದಲ್ಲ. ಡಾಕ್ಟ್ರದು. ಅವರ ಹೆಂಡತಿಗೆ ಹಿತ್ತಾಳೆ ಆಗಲ್ವಂತೆ, ಹತ್ರ ಬಂದ್ರೆ ಸೀನು. ಅದಕ್ಕೇ ಸ್ವಲ್ಪ ದಿನ ಇಟ್ಕೋ ಅಂದ್ರು" ಎಂದುಬಿಟ್ಟರು.

ಮರುದಿನ ಕ್ಲಿನಿಕ್ಕಿಗೆ ಹೋಗಿ ವಿಷಯ ತಿಳಿಸಿದಾಗ ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೋ ಹುಳ, ನಾನೂ ಅದನ್ನೇ ಮಾಡಿದೀನಿ ಕಣೋ. ನಂದು ನಿಂದು ಅಂತ ಹೇಳಿದೀನಿ."

"ಏನು ಕಾರಣ ಕೊಟ್ಟೆ?"

"ಏನೋ ಒಂದು ಕೊಟ್ಟೆ, ಬಿಡು."

ಹೀಗೆ ಆ ಎರಡು ಮನೆಗಳಲ್ಲಿ ಅಪೂರ್ವವಾದ ವ್ಯವಸ್ಥೆಯೊಂದು ಸ್ಥಾಪನೆಯಾಯಿತು. ಲೈಬ್ರರಿಯವರ ಮನೆಯಲ್ಲಿದ್ದದ್ದೆಲ್ಲ ಡಾಕ್ಟರದು, ಡಾಕ್ಟರ ಮನೆಯಲ್ಲಿದ್ದದ್ದೆಲ್ಲ ಲೈಬ್ರರಿಯವರದು. ಅಧಿಕೃತವಾಗಿ ಇಬ್ಬರಲ್ಲಿ ಯಾರೂ ಒಂದೇ ಒಂದು ಮೈಕ್ರೋಸ್ಕೋಪಿನ ಒಡೆಯರಲ್ಲ. ಇಬ್ಬರೂ ಹುಚ್ಚು ಸ್ನೇಹಿತನೊಬ್ಬನ ಭಾರ ಹೊತ್ತ ಉದಾರಿಗಳು. ಹೊಸದೊಂದು ಬಂದಾಗಲೆಲ್ಲ ಲೈಬ್ರರಿಯವರ ಹೆಂಡತಿ ನಿಟ್ಟುಸಿರು ಬಿಟ್ಟು, "ಪಾಪ, ಆ ಅಕ್ಕ ಹೇಗೆ ಸಂಸಾರ ಮಾಡ್ತಾರೋ. ನೀವು ಹೀಗಿಲ್ವಲ್ಲ, ಅದೇ ನನ್ನ ಪುಣ್ಯ" ಎನ್ನುತ್ತಿದ್ದಳು. ಲೈಬ್ರರಿಯವರು ವಿನಯದಿಂದ ತಲೆ ತಗ್ಗಿಸುತ್ತಿದ್ದರು. (ತಲೆ ತಗ್ಗಿಸಿದರೆ ಬಂದ ಮಾಲಿನ ಬುಡದಲ್ಲಿ ಕೆತ್ತಿರುವ ತಯಾರಕರ ಹೆಸರು ಚೆನ್ನಾಗಿ ಕಾಣುತ್ತಿತ್ತು.)

ಭಾನುವಾರ ರೋಗಿಗಳೆಲ್ಲ ಹೋದ ಮೇಲೆ ಕ್ಲಿನಿಕ್ಕಿನಲ್ಲಿ ಅವರ ಸಭೆ. ಲೈಬ್ರರಿಯವರು ಹಲ್ಲು ಕೀಳುವ ಕುರ್ಚಿಯಲ್ಲಿ ಕಾಲು ಚಾಚಿ, ಡಾಕ್ಟರು ಎದುರಿಗೆ ಕಬ್ಬಿಣದ ಕುರ್ಚಿಯಲ್ಲಿ. ಲೈಬ್ರರಿಯವರು ತಮ್ಮ ಹೆಂಡತಿಯ ಹೊಲಿಗೆ ಮಿಷನ್ನಿನಿಂದ ಕದ್ದು ತಂದ ಎಣ್ಣೆಯನ್ನು ಡಾಕ್ಟರು ಹಲ್ಲಿನ ಸೂಜಿಯಲ್ಲಿ ಎತ್ತಿ ತಿರುಪಿಗೆ ಒಂದೊಂದೇ ಹನಿ ಬಿಡುವರು. ತಿರುಪು ನುಣ್ಣಗೆ ತಿರುಗಿದರೆ ಇಬ್ಬರೂ ಒಟ್ಟಿಗೆ "ಆಹಾ" ಎನ್ನುವರು. ಇಷ್ಟೇ. ಆ ಉಪಕರಣದ ಒಳಗೆ ಇಣುಕಿ ಏನನ್ನಾದರೂ ನೋಡಬಹುದು ಎಂಬುದು ಇಬ್ಬರಿಗೂ ಅಷ್ಟಾಗಿ ಹೊಳೆಯಲೇ ಇಲ್ಲ. ಕುದುರೆ ಸಾಕಿದವರೆಲ್ಲ ಸವಾರಿ ಮಾಡಬೇಕೆಂದಿದೆಯೇ?

ಒಂದು ಬೆಳಿಗ್ಗೆ ಡಾಕ್ಟರು ಬೂಟಿನ ಲಾಡಿ ಕಟ್ಟಲು ಬಗ್ಗಿದವರು ಮತ್ತೆ ಏಳಲಿಲ್ಲ.

ಸುದ್ದಿ ಬಂದಾಗ ಲೈಬ್ರರಿಯವರು ಪುಸ್ತಕಗಳಿಗೆ ಮೊಹರು ಒತ್ತುತ್ತಿದ್ದರು. ಕೈಯಲ್ಲಿದ್ದ ಪುಸ್ತಕಕ್ಕೆ ಒತ್ತಿ ಮುಗಿಸಿ, ಅದರ ಮುಂದಿನದಕ್ಕೂ ಒತ್ತಿ, ಆಮೇಲೆ ಎದ್ದರು. ಅಲ್ಲಿಗೆ ಹೋದಾಗ ಡಾಕ್ಟರ ಹೆಂಡತಿ ಅವರ ಕೈ ಹಿಡಿದುಕೊಂಡು ಒಂದೇ ಮಾತು ಹೇಳಿದರು: "ಮದುವೆಯಾದಾಗಿನಿಂದ ನನ್ನ ಹತ್ರ ಒಂದೇ ಒಂದು ಸುಳ್ಳು ಹೇಳಿದವರಲ್ಲ ಕಣಪ್ಪ ಅವರು." ಲೈಬ್ರರಿಯವರು ಹೌದೆಂದು ತಲೆ ಆಡಿಸಿದರು. ಅವರ ಬೆನ್ನ ಹಿಂದೆ, ಗಾಜಿನ ಬೀರುವಿನಲ್ಲಿ, ಡಾಕ್ಟರ ಮೈಕ್ರೋಸ್ಕೋಪುಗಳು ಸಾಲಾಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡವು.

ಆಮೇಲಿನ ಭಾನುವಾರಗಳಲ್ಲಿ ಲೈಬ್ರರಿಯವರ ಕಾಲು ತಾನಾಗಿಯೇ ಕ್ಲಿನಿಕ್ಕಿನ ಕಡೆಗೆ ಹೋಗುತ್ತಿತ್ತು. ಬಾಗಿಲಿಗೆ ಬೀಗ. ಬೀಗದ ಮೇಲಿನ ಬೋರ್ಡಿನಲ್ಲಿ ಡಾಕ್ಟರು ಸಿಗುವ ವೇಳೆ ಬರೆದಿತ್ತು. ಅದನ್ನು ಪೂರ್ತಿ ಓದಿ ಮನೆಗೆ ಬರುತ್ತಿದ್ದರು.

ಇಂಥ ಮನುಷ್ಯನ ಮುಂದೆ ಈಗ ಹೆಂಡತಿ ಪೆಟ್ಟಿಗೆಗೆ ದಾರ ಬಿಗಿಯುತ್ತಿದ್ದಳು. ಲೈಬ್ರರಿಯವರಿಗೆ ಒಂದು ಉಪಾಯ ಹೊಳೆಯಿತು. ಸಾಮಾನಿನ ಗಾಡಿಯಲ್ಲಿ ತಾನೊಬ್ಬನೇ ಹೋಗಿ, ಪೆಟ್ಟಿಗೆಗಳನ್ನು ಲೈಬ್ರರಿಯ ಹಿಂದಿನ ಕೋಣೆಯಲ್ಲಿ, ಯಾರೂ ಮುಟ್ಟದ ಕಾನೂನು ಪುಸ್ತಕಗಳ ಹಿಂದೆ ಇಳಿಸಿಬಿಟ್ಟರೆ?

"ನೀನು ಹೊಲಿಗೆ ಬಿಟ್ಟು ಬರ್ಬೇಡ. ನಾನೇ ಮುಟ್ಟಿಸಿ ಬರ್ತೀನಿ."

"ಚೆನ್ನಾಗಿದೆ! ಸತ್ತವರ ವಸ್ತು ಕೈಯಾರೆ ಒಪ್ಪಿಸ್ಬೇಕು. ನಾನೂ ಬರ್ತೀನಿ, ನಡೀರಿ" ಎಂದವಳೇ ಗಾಡಿಯವನ ಪಕ್ಕದಲ್ಲಿ ಮಹಾರಾಣಿಯಂತೆ ಕುಳಿತಳು. ಲೈಬ್ರರಿಯವರು ಹಿಂದೆ ಪೆಟ್ಟಿಗೆಗಳ ನಡುವೆ, ಒಂದು ಕೈ ಇದರ ಮೇಲೆ, ಒಂದು ಕೈ ಅದರ ಮೇಲೆ ಇಟ್ಟುಕೊಂಡು, ಮಕ್ಕಳನ್ನು ಹಾಸ್ಟೆಲಿಗೆ ಬಿಡಲು ಹೊರಟ ತಾಯಿಯ ಹಾಗೆ ಕುಳಿತರು.

ಡಾಕ್ಟರ ಮನೆಯ ಬಾಗಿಲು ತೆರೆದಾಗ ಲೈಬ್ರರಿಯವರು ಹೊಸ್ತಿಲಲ್ಲೇ ನಿಂತರು. ಹಜಾರದ ನಡುವೆ ಆಗಲೇ ಪೆಟ್ಟಿಗೆಗಳ ಒಂದು ಗುಡ್ಡ ಎದ್ದಿತ್ತು. ಗಾಜಿನ ಬೀರು ಖಾಲಿ.

"ಸರಿಯಾದ ಹೊತ್ತಿಗೆ ಬಂದ್ರಿ. ನಾನೇ ಇವತ್ತು ಹೇಳಿಕಳಿಸೋಣ ಅಂತಿದ್ದೆ" ಎಂದರು ಡಾಕ್ಟರ ಹೆಂಡತಿ. ಕ್ಲಿನಿಕ್ಕಿನಲ್ಲಿ ಹೆದರಿದ ರೋಗಿಗಳನ್ನು ಸಮಾಧಾನಪಡಿಸಿ ಒಳಕ್ಕೆ ಕಳಿಸುವ ಕೆಲಸ ಜೀವನವಿಡೀ ಮಾಡಿದ ದನಿ ಅವರದು. ಈಗ ದಣಿದಿತ್ತು, ಆದರೂ ಮೃದುವಾಗಿತ್ತು. ಮಾತಾಡುತ್ತಲೇ ಅವರು ಮೇಜಿನ ಮೇಲಿದ್ದ ಗಾಜಿನ ಹೂದಾನಿಯನ್ನು ಎತ್ತಿ ಒಳಗಿಟ್ಟು ಬಂದರು.

ಲೈಬ್ರರಿಯವರ ಹೆಂಡತಿ ತನ್ನ ಕೈಚೀಲದಿಂದ ಮಡಿಸಿದ ಬಟ್ಟೆಯೊಂದನ್ನು ತೆಗೆದು ಚಾಚಿದಳು. "ಅಕ್ಕಾ, ಮೂಗಿಗೆ ಕಟ್ಕೊಳ್ಳಿ. ಹಿತ್ತಾಳೆ ತಂದಿದೀವಿ."

"ಯಾಕಮ್ಮಾ?"

"ನಿಮಗೆ ಸೀನು ಬರುತ್ತಲ್ಲಾ."

"ನನಗಾ?"

ಲೈಬ್ರರಿಯವರು ಚಾವಣಿಯನ್ನು ಆಸಕ್ತಿಯಿಂದ ನೋಡತೊಡಗಿದರು. ಅಷ್ಟರಲ್ಲಿ ಗಾಡಿಯವನು ಪೆಟ್ಟಿಗೆಗಳನ್ನು ತಂದು ಮೊದಲಿನ ಗುಡ್ಡದ ಎದುರಿಗೆ ಎರಡನೆಯ ಗುಡ್ಡ ಕಟ್ಟಿದ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಇಬ್ಬರು ಹೆಂಗಸರು ನಿಂತರು.

"ಅಕ್ಕಾ, ಇವು ನಿಮ್ಮವರದು. ನಮ್ಮನೇಲಿ ಇಟ್ಟಿದ್ರಲ್ಲ, ಒಂದಕ್ಕೂ ಏನೂ ಆಗಿಲ್ಲ. ಜೋಪಾನವಾಗಿ ತಂದಿದೀನಿ."

"ಇಲ್ಲ ಕಣಮ್ಮಾ, ಇವು ನಿಮ್ಮವರದು. ನಾನು ಕಟ್ಟಿಟ್ಟಿದೀನಲ್ಲ, ಇವು. ನಮ್ಮನೇಲಿ ಇಟ್ಕೊಂಡಿದ್ದದ್ದು."

"ನಮ್ಮವರದಾ? ನಮ್ಮವರಿಗೆ ಅಂಥ ಹುಚ್ಚಿಲ್ಲ ಅಕ್ಕಾ. ಅದೇನಿದ್ರೂ ನಿಮ್ಮವರಿಗೆ."

"ಅಯ್ಯೋ, ನಮ್ಮವರಿಗೆಲ್ಲಿ ಬರ್ಬೇಕು!"

"ಸಾರ್," ಎಂದ ಗಾಡಿಯವನು, "ಇಳಿಸಿದ್ದು ಇರ್ಲಾ, ಹತ್ತಿಸೋದಾ? ಒಂದು ಹೇಳ್ಬಿಡಿ."

ಡಾಕ್ಟರ ಹೆಂಡತಿ ಹೊಸ ಗುಡ್ಡದ ಕಡೆಗೆ ನೋಡಿದರು. ನೋಡುತ್ತ ನೋಡುತ್ತ ಅವರ ಮುಖದಲ್ಲಿ ಏನೋ ಒಂದು ಕುಸಿಯಿತು. ಮೆಲ್ಲಗೆ ಕುರ್ಚಿಯ ಮೇಲೆ ಕುಳಿತರು.

"ಇಷ್ಟನ್ನೂ ನಮ್ಮವರು ಕೊಂಡಿದ್ರಾ? ನನಗೆ ಗೊತ್ತಾಗದ ಹಾಗೆ ನಿಮ್ಮನೇಲಿ ಇಟ್ಟಿದ್ರಾ?" ಎಂದರು. "ಕೇಳಿದ್ರೆ ನಾನೇನು ಬೇಡ ಅಂತಿದ್ನಾ? ಇದನ್ನೇ ಹೇಳ್ಲಿಲ್ಲ ಅಂದ್ರೆ, ಇನ್ನೇನೇನು ಹೇಳ್ದೆ ಹೋದ್ರೋ."

ಲೈಬ್ರರಿಯವರ ತಲೆಯಲ್ಲಿ ಧರ್ಮಸಂಕಟದ ಲೆಕ್ಕಾಚಾರ ಶುರುವಾಯಿತು. ಸುಮ್ಮನಿದ್ದರೆ, ಇಕ್ಕಳ ತಾನು ಹೇಳದ ಸುಳ್ಳಿಗೆ ಸಿಕ್ಕಿಬೀಳುತ್ತಾನೆ. ನಿಜ ಹೇಳಿದರೆ, ಹೇಳಿದ ಸುಳ್ಳಿಗೆ ಸಿಕ್ಕಿಬೀಳುತ್ತಾನೆ. ಬದುಕಿದ್ದಿದ್ದರೆ ಬೀಳಲಿ ಎನ್ನಬಹುದಿತ್ತು. ಬಿದ್ದವನು ಎದ್ದು ಮೈ ಒರೆಸಿಕೊಂಡು, ಹೆಂಡತಿಯ ಗಲ್ಲ ಸವರಿ, ಏನೋ ಒಂದು ತಮಾಷೆ ಮಾಡಿ ನಗಿಸಿಬಿಡುತ್ತಿದ್ದ. ಈಗ ಅವನಿಗೆ ಉಳಿದಿರುವುದು ಈ ಹೆಂಗಸಿನ ಮನಸ್ಸಿನೊಳಗಿನ ಜಾಗವೊಂದೇ. ಅದನ್ನೂ ಖಾಲಿ ಮಾಡಿಸುವುದೇ? ಸ್ನೇಹಿತನ ಮಾತು ಉಳಿಯಬೇಕಾದರೆ ಒಂದೇ ದಾರಿ ಇತ್ತು. ಆ ದಾರಿಯ ಕೊನೆಯಲ್ಲಿ ತಮ್ಮ ಹೆಂಡತಿ ನಿಂತಿರುವುದೂ ಅವರಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

(ಇದರಲ್ಲಿ ತ್ಯಾಗ ಎಷ್ಟು, ಒಟ್ಟಿಗೆ ಎರಡು ಗುಡ್ಡವೂ ಸಿಗುತ್ತದೆಂಬ ಆಸೆ ಎಷ್ಟು ಎಂದು ಕೇಳಬಾರದು. ಅವರೇ ಕೇಳಿಕೊಂಡರು, ಅವರಿಗೇ ಉತ್ತರ ಸಿಗಲಿಲ್ಲ.)

"ಅತ್ತಿಗೆ," ಎಂದರು. ಗಂಟಲು ಲೈಬ್ರರಿಯ ಮಟ್ಟಕ್ಕೆ ಇಳಿದಿತ್ತು. "ಅವೂ ನಂದೇ."

"ಯಾವುವು?"

"ಇವೂ ನಂದೇ. ಅವೂ ನಂದೇ. ಎಲ್ಲಾ ನಂದೇ. ಡಾಕ್ಟ್ರದು ಇದರಲ್ಲಿ ಒಂದೂ ಇಲ್ಲ. ಮನೇಲಿ ಹೇಳೋಕೆ ಧೈರ್ಯ ಇಲ್ದೆ, ಅರ್ಧ ಇಲ್ಲಿಟ್ಟೆ, ಅರ್ಧ ಅಲ್ಲಿ ಅವನ ಹೆಸರಲ್ಲಿ ಇಟ್ಕೊಂಡೆ. ಅವನು ನಿಮಗೆ ಹೇಳಿದ್ದೆಲ್ಲಾ ನಿಜ."

ಡಾಕ್ಟರ ಹೆಂಡತಿ ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣುಗಳಿಂದ ನೀರು ಇಳಿಯಿತು. ಆದರೆ ಮುಖದಲ್ಲಿ ಕುಸಿದಿದ್ದದ್ದು ಏನಿತ್ತೋ ಅದು ಮತ್ತೆ ಎದ್ದು ನಿಂತಿತು. "ನನಗೆ ಗೊತ್ತಿತ್ತು. ಅವರು ಹಾಗೆ ಮಾಡೋರಲ್ಲ ಅಂತ ನನಗೆ ಗೊತ್ತಿತ್ತು" ಎಂದರು.

ಲೈಬ್ರರಿಯವರು ಬಲಗಡೆಗೆ ತಿರುಗಲಿಲ್ಲ. ಬಲಗಡೆಯಲ್ಲಿ ಹೆಂಡತಿ ಇದ್ದಳು. ಆ ಕಡೆಯ ಕೆನ್ನೆ ಮಾತ್ರ ಬಿಸಿಯಾಗತೊಡಗಿತು.

ಇಲ್ಲಿಗೆ ಮುಗಿದಿದ್ದರೆ ಲೈಬ್ರರಿಯವರು ಹುತಾತ್ಮರಾಗಿ ಮನೆಗೆ ಹೋಗುತ್ತಿದ್ದರು. ಆದರೆ ಮನಸ್ಸು ಹಗುರಾದ ಡಾಕ್ಟರ ಹೆಂಡತಿಗೆ ಈಗ ಮಾತಿನ ಕಟ್ಟೆ ಒಡೆಯಿತು. ಎದ್ದು ಬಂದು ಲೈಬ್ರರಿಯವರ ಹೆಂಡತಿಯ ಎರಡೂ ಕೈ ಹಿಡಿದುಕೊಂಡರು. "ನಿನ್ನ ಕಷ್ಟ ನನಗೆ ಗೊತ್ತು ಕಣಮ್ಮಾ. ಮೊದಲಿನಿಂದಲೂ ಗೊತ್ತು. ನಮ್ಮವರು ಎಲ್ಲಾ ಹೇಳಿದ್ರು."

"ಏನ್ ಹೇಳಿದ್ರು?" ಎಂದಳು ಹೆಂಡತಿ.

"ನಿಮ್ಮವರಿಗೆ ಅದೊಂಥರಾ ಕಾಯಿಲೆ ಅಂತ. ಬೇಡ ಅಂದ್ರೆ ಊಟ ಬಿಡ್ತಾರಂತೆ. ಒಂದ್ಸಲ ಅಂಗಡೀಲಿ ಕೊಡ್ಲಿಲ್ಲ ಅಂತ ಬೀದೀಲಿ ಕೂತು ಅತ್ತೇಬಿಟ್ರಂತೆ, ನಮ್ಮವರೇ ಎಬ್ಬಿಸಿ ಕರ್ಕೊಂಡು ಬಂದದ್ದು. ಅದಕ್ಕೇ 'ಅವನ ಹತ್ರ ಮೆತ್ತಗೆ ಮಾತಾಡು, ಎದುರು ಹೇಳ್ಬೇಡ' ಅಂತಿದ್ರು."

ಲೈಬ್ರರಿಯವರು ತತ್ತರಿಸಿದರು. ಇಷ್ಟು ಕಾಲ ಆ ಮನೆಯಲ್ಲಿ ತಮ್ಮೊಡನೆ ಅಷ್ಟು ನಿಧಾನವಾಗಿ, ಅಷ್ಟು ಆದರದಿಂದ ಮಾತಾಡುತ್ತಿದ್ದುದು ತಮ್ಮ ವಿದ್ವತ್ತಿಗೆ ಸಂದ ಗೌರವ ಎಂದುಕೊಂಡಿದ್ದರು. ಲೋ ಇಕ್ಕಳ, ಎಂದುಕೊಂಡರು. ನಾನು ನಿನ್ನ ಹೆಂಡತಿಗೆ ಬರೀ ಸೀನು ಕೊಟ್ಟೆ. ನೀನು ನನ್ನನ್ನು ಬೀದಿಯಲ್ಲಿ ಕೂರಿಸಿ ಅಳಿಸಿದೆಯಲ್ಲೋ.

"ಆಮೇಲೆ ನಿನ್ನ ವಿಷಯಾನೂ ಹೇಳಿದ್ರು. ನಾನೇನೂ ತಪ್ಪು ತಿಳ್ಕೊಂಡಿಲ್ಲಮ್ಮಾ. ಇಂಥವರನ್ನ ಕಟ್ಕೊಂಡ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ. ಸಿಟ್ಟು ಬಂದಾಗ ಕೈಗೆ ಸಿಕ್ಕಿದ್ದು ಎಸೀಬೇಕು ಅನ್ನಿಸುತ್ತೆ. ಪಾಪ, ನಿಮ್ಮನೇಲಿ ಗಾಜಿನ ಸಾಮಾನೇ ಉಳಿಯಲ್ವಂತಲ್ಲ."

ಹೂದಾನಿ ಒಳಗೆ ಯಾಕೆ ಹೋಯಿತೆಂಬುದು ಈಗ ಎಲ್ಲರಿಗೂ ತಿಳಿಯಿತು.

ಲೈಬ್ರರಿಯವರ ಹೆಂಡತಿ ಸಹಿಸಲಾರದ ಸಂಗತಿ ಪ್ರಪಂಚದಲ್ಲಿ ಒಂದೇ ಒಂದು: ಮರುಕ. ತಾನು ಬೇರೆಯವರ ಬಗ್ಗೆ ಎಷ್ಟು ಬೇಕಾದರೂ ಮರುಗಬಲ್ಲಳು. ಅದರಲ್ಲೂ ಈ ಅಕ್ಕನ ಬಗ್ಗೆ ಎಷ್ಟೋ ವರ್ಷದಿಂದ ಮರುಗಿ ಮರುಗಿ ಅಭ್ಯಾಸವಾಗಿಹೋಗಿತ್ತು. ಅದೇ ಅಕ್ಕ ಅಷ್ಟೂ ವರ್ಷ ತನ್ನ ಬಗ್ಗೆ ಮರುಗುತ್ತ ಕೂತಿದ್ದರು ಎಂದರೆ! ಅವಳ ಬೆನ್ನು ನೆಟ್ಟಗಾಯಿತು. ಲೈಬ್ರರಿಯವರು ಸಿಡಿಲಿಗಾಗಿ ಕಾದರು.

"ಕಷ್ಟ ಏನು ಬಂತು ಅಕ್ಕಾ?" ಎಂದಳು ಅವಳು, ನಗುತ್ತ. "ನನಗೇನು ಗೊತ್ತಿಲ್ವಾ? ಪ್ರತಿಯೊಂದೂ ನನ್ನನ್ನ ಕೇಳಿಯೇ ತಂದದ್ದು. ನಿಜ ಹೇಳ್ಬೇಕು ಅಂದ್ರೆ, ಆಸೆ ನನಗೇನೇ ಜಾಸ್ತಿ. ಇವರು ಸಾಕು ಸಾಕು ಅಂತಿದ್ರು, ನಾನೇ ಇನ್ನೊಂದಿರ್ಲಿ ಅಂತಿದ್ದೆ."

ಲೈಬ್ರರಿಯವರ ಬಾಯಿ ತೆರೆದುಕೊಂಡಿತು. ಸುಳ್ಳಿನಲ್ಲಿ ತಾವೇನೋ ಪ್ರವೀಣರೆಂದುಕೊಂಡಿದ್ದರು. ಈಗ ತಿಳಿಯಿತು, ತಾವಿನ್ನೂ ಅಕ್ಷರ ತಿದ್ದುವ ಹಂತದಲ್ಲಿರುವ ವಿದ್ಯಾರ್ಥಿ.

"ಮತ್ತೆ ಇವರು ಧೈರ್ಯ ಇರ್ಲಿಲ್ಲ ಅಂದ್ರಲ್ಲ, ಈಗ ತಾನೇ?" ಎಂದರು ಡಾಕ್ಟರ ಹೆಂಡತಿ.

"ಅವರು ಹಾಗೇ ಅಕ್ಕಾ. ಸ್ವಲ್ಪ ನಾಚಿಕೆ ಸ್ವಭಾವ."

"ಹಾಗಾದ್ರೆ ನಿನಗೆ ಅದರಲ್ಲಿ ನೋಡೋಕೆ ಬರುತ್ತೆ!" ಡಾಕ್ಟರ ಹೆಂಡತಿಯ ಮುಖ ಮೊದಲ ಬಾರಿಗೆ ಅರಳಿತು. "ನನಗೂ ಒಂದ್ಸಲ ನೋಡ್ಬೇಕು ಅಂತ ತುಂಬ ಆಸೆ ಇತ್ತು ಕಣಮ್ಮಾ. ಕೇಳಿದಾಗೆಲ್ಲ ನಮ್ಮವರು, 'ಬೇರೆಯವರ ವಸ್ತು, ಮುಟ್ಬಾರ್ದು' ಅಂತಿದ್ರು. ದಿನಾ ಬೀರುವಿನ ಧೂಳು ಒರೆಸ್ತಿದ್ದೆ, ಗಾಜಿನ ಆಚೆಯಿಂದ. ಒಂದ್ಸಲ ತೋರಿಸ್ತೀಯಾ?"

ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ. ಹೆಂಡತಿ ಗಂಭೀರವಾಗಿ ಒಂದು ಪೆಟ್ಟಿಗೆಯ ದಾರ ಬಿಚ್ಚಿ, ಕೈಗೆ ಸಿಕ್ಕಿದ್ದನ್ನು ಎತ್ತಿ ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟಳು. ಗಾಜಿನ ಪಟ್ಟಿಯ ಮೇಲೆ ಇಡಲು ತನ್ನ ರವಿಕೆಯ ತೋಳಿನ ಅಂಚಿನಿಂದ ಒಂದು ನೂಲು ಕಿತ್ತಳು. ಎಡಗಣ್ಣು ಮುಚ್ಚಬೇಕೋ ಬಲಗಣ್ಣು ಮುಚ್ಚಬೇಕೋ ತಿಳಿಯದೆ ಎರಡನ್ನೂ ಒಂದೊಂದು ಸಲ ಮುಚ್ಚಿ ನೋಡಿದಳು. ಕನ್ನಡಿ ನೆಲದ ಕಡೆಗೆ ತಿರುಗಿಕೊಂಡಿತ್ತು. ಆದ್ದರಿಂದ ಅವಳಿಗೆ ಕಂಡದ್ದು ಶುದ್ಧ ಕಾರ್ಗತ್ತಲು.

"ಆಹಾ!" ಎಂದಳು.

ಡಾಕ್ಟರ ಹೆಂಡತಿ ಬಗ್ಗಿ ನೋಡಿದರು. "ಏನೂ ಕಾಣ್ತಿಲ್ವಲ್ಲಮ್ಮಾ. ಬರೀ ಕಪ್ಪು."

"ಮೊದಮೊದಲು ಹಾಗೇ ಕಾಣೋದು ಅಕ್ಕಾ. ಅಭ್ಯಾಸ ಬೇಕು."

ಲೈಬ್ರರಿಯವರು ಕೈ ಚಾಚಿ ಕನ್ನಡಿಯನ್ನು ಕಿಟಕಿಯ ಕಡೆಗೆ ತಿರುಗಿಸಿದರು, ತಿರುಪನ್ನು ಕೂದಲೆಳೆಯಷ್ಟು ಸರಿಸಿದರು. ನುಣ್ಣಗೆ ತಿರುಗಿತು. ಡಾಕ್ಟರ ಹೆಂಡತಿ ಉಸಿರೆಳೆದುಕೊಂಡದ್ದು ಕೇಳಿಸಿತು. ಅವರು ತುಂಬ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ಲೈಬ್ರರಿಯವರ ಹೆಂಡತಿ ಅವಸರದಿಂದ ಆ ಜಾಗಕ್ಕೆ ಬಂದು ಕಣ್ಣಿಟ್ಟಳು. ಈ ಸಲ "ಆಹಾ" ಎನ್ನಲಿಲ್ಲ. ದಿನವೂ ಸೂಜಿಗೆ ಪೋಣಿಸಿ, ಹಲ್ಲಿನಲ್ಲಿ ಕಡಿದು, ಕಸದ ಜೊತೆ ಗುಡಿಸಿ ಎಸೆಯುವ ನೂಲು, ಅಲ್ಲಿ ಹಡಗು ಕಟ್ಟುವ ಹಗ್ಗದಂತೆ ಎಳೆ ಎಳೆಯಾಗಿ ಹೊಸೆದುಕೊಂಡು ಬಿದ್ದಿತ್ತು.

ಕೊನೆಗೆ ಗಾಡಿಯವನಿಗೆ ಉತ್ತರ ಸಿಕ್ಕಿತು: ಎರಡೂ ಗುಡ್ಡವನ್ನು ಹತ್ತಿಸುವುದು. ವಾಪಸು ಬರುವಾಗ ಹೆಂಡತಿ ಮುಂದೆ ಕೂರಲಿಲ್ಲ. ಹಿಂದೆ, ಪೆಟ್ಟಿಗೆಗಳ ನಡುವೆ, ಗಂಡನ ಎದುರಿಗೇ ಕುಳಿತಳು. ಗಾಡಿ ಒಂದು ಬೀದಿ ದಾಟಿದ ಮೇಲೆ ಕೇಳಿದಳು:

"ನಾನು ಎಸೀತೀನಾ?"

"ಅದು ಡಾಕ್ಟ್ರು ಸುಮ್ನೆ ಏನೋ ಒಂದು ಸುಳ್ಳು..."

"ಡಾಕ್ಟ್ರು ಸುಳ್ಳು ಹೇಳೋರಲ್ಲ ಅಂತ ನೀವೇ ಈಗ ಹೇಳಿ ಬಂದ್ರಲ್ಲ?"

ಲೈಬ್ರರಿಯವರು ತಾವೇ ತೋಡಿದ ಬಾವಿಯ ಆಳ ನೋಡಿ ಬೆಚ್ಚಿದರು. "...ಹೌದು. ನಾನೇ ಅವನಿಗೆ ಹಾಗಂತ ಹೇಳಿದ್ದೆ."

"ಅಕ್ಕಂಗೆ ಸೀನು?"

"ಅದೂ ನಾನೇ."

"ಬೀದೀಲಿ ಕೂತು ಅತ್ತಿದ್ದು?"

ಇದೊಂದನ್ನಾದರೂ ಅಲ್ಲಗಳೆಯಬೇಕೆಂದು ಅವರ ಮಾನವೆಲ್ಲ ಒಟ್ಟಾಗಿ ನಾಲಗೆಯ ತುದಿಗೆ ಬಂದು ನಿಂತಿತು. ಆದರೆ ಒಂದು ಇಟ್ಟಿಗೆ ಎಳೆದರೆ ಗೋಡೆ ಬೀಳುತ್ತದೆ. "ಅತ್ತಿದ್ದೆ" ಎಂದರು.

ಹೆಂಡತಿ ಅವರನ್ನೇ ನೋಡಿದಳು. ಏನು ಕಂಡಳೋ. ಆ ಮಾತು ಹೇಳುವಾಗ ಲೈಬ್ರರಿಯವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂದುಬಿಟ್ಟಿತ್ತು. ಡಾಕ್ಟರು ಹೋದ ದಿನದಿಂದ ಬಾರದೇ ಇದ್ದದ್ದು, ಸಾಮಾನಿನ ಗಾಡಿಯಲ್ಲಿ, ತಾವೆಂದೂ ಕೂತು ಅಳದ ಬೀದಿಯೊಂದನ್ನು ನೆನೆಸಿಕೊಂಡು ಬಂತು. ಅವಳು ಕೈಚೀಲದಿಂದ, ಅಕ್ಕನಿಗೆ ಬೇಕಾಗದ ಆ ಮೂಗಿನ ಬಟ್ಟೆಯನ್ನೇ ತೆಗೆದು ಕೊಟ್ಟಳು. "ಒರೆಸ್ಕೊಳ್ಳಿ. ಗಾಡಿಯವನು ನೋಡ್ತಾನೆ. ಒಂದು ಮಾತ್ರ ಹೇಳಿರ್ತೀನಿ, ಇನ್ಮೇಲೆ ಇವೆಲ್ಲಾ ನನ್ನ ಕೋಣೇಲಿ ಇರ್ತವೆ. ಅಕ್ಕ ಭಾನುವಾರ ಬರ್ತಾರಂತೆ. ಅಷ್ಟರಲ್ಲಿ ನನಗೆ ಎಲ್ಲಾ ಬರ್ಬೇಕು."

ಬಂತು. ಲೈಬ್ರರಿಯಿಂದ ದಪ್ಪ ದಪ್ಪ ಪುಸ್ತಕ ತರಿಸಿಕೊಂಡಳು. ಗುಂಡುಪಿನ್ನು ಕಚ್ಚಿಕೊಂಡೇ ಓದಿದಳು. ಯಾವ ಮಸೂರ ಎಷ್ಟು ಹಿಗ್ಗಿಸುತ್ತದೆಂದು ಗಂಡನಿಗೇ ಹೇಳಿಕೊಡುವಷ್ಟಾದಳು. ಅವರು ಒಮ್ಮೆ ತಿರುಪನ್ನು ಸುಮ್ಮನೆ, ಸುಖಕ್ಕಾಗಿ ತಿರುಗಿಸುತ್ತಿದ್ದಾಗ ನೋಡಿ, "ಯಾಕೆ ಹಾಗೆ ತಿರುವ್ತೀರಿ? ಆಟದ ಸಾಮಾನಾ ಅದು?" ಎಂದು ಗದರಿಸಿದಳು.

ಭಾನುವಾರ ಡಾಕ್ಟರ ಹೆಂಡತಿ ಒಂದು ಕಾಗದದ ಪೊಟ್ಟಣದಲ್ಲಿ ವಾರವಿಡೀ ಕೂಡಿಟ್ಟದ್ದನ್ನು ತರುತ್ತಾರೆ: ಚಿಟ್ಟೆಯ ಮುರಿದ ರೆಕ್ಕೆ, ಉಪ್ಪಿನ ಕಾಳು, ಗೋಡೆಯ ಪಾಚಿ. ಇಬ್ಬರೂ ಹೊಲಿಗೆ ಕೋಣೆಯ ಕಿಟಕಿಯ ಮುಂದೆ ತಲೆಗೆ ತಲೆ ತಾಗಿಸಿ ಕೂರುತ್ತಾರೆ. "ನೋಡಮ್ಮಾ ಇಲ್ಲಿ" "ತಡೀರಿ ಅಕ್ಕಾ, ಅಲುಗಾಡಿಸ್ಬೇಡಿ" ಎಂಬ ಮಾತಿನ ನಡುವೆ ಡಾಕ್ಟರ ಹೆಂಡತಿ ಕೆಲವೊಮ್ಮೆ ಗಟ್ಟಿಯಾಗಿ ನಕ್ಕುಬಿಡುತ್ತಾರೆ. ಲೈಬ್ರರಿಯವರಿಗೆ ಮುಟ್ಟಲು ಅಪ್ಪಣೆ ಇಲ್ಲ. (ಕಾಯಿಲೆ ಮರುಕಳಿಸಬಾರದಲ್ಲ.) ಚಹಾ ತಂದಿಡುವುದು, ಲೋಟ ತೆಗೆದುಕೊಂಡು ಹೋಗುವುದು ಅವರ ಪಾಲಿನ ಕೆಲಸ.

ಮೊನ್ನೆಯೂ ಹಾಗೇ, ಖಾಲಿ ಲೋಟಗಳನ್ನು ಹಿಡಿದುಕೊಂಡು ಅವರು ಕಿಟಕಿಯ ಹತ್ತಿರ ನಿಂತುಬಿಟ್ಟಿದ್ದರು. ಡಾಕ್ಟರ ಮೈಕ್ರೋಸ್ಕೋಪುಗಳಲ್ಲಿ ಎಲ್ಲಕ್ಕಿಂತ ಚೆಂದದ್ದು ಮೇಜಿನ ಮೇಲಿತ್ತು. ಅದನ್ನು ಕೊಂಡ ದಿನ ಡಾಕ್ಟರು ಇವರಿಗೆ ಮುಟ್ಟಲೂ ಕೊಡದೆ ಹೊಟ್ಟೆ ಉರಿಸಿದ್ದರು. ಈಗ ಅದು ಇವರದೇ, ಸಾಕ್ಷಿ ಸಮೇತ. ಈ ಕಥೆಯನ್ನು ಇಕ್ಕಳನಿಗೆ ಹೇಗೆ ಹೇಳುವುದು ಎಂದು ಅವರು ಮನಸ್ಸಿನಲ್ಲೇ ಜೋಡಿಸುತ್ತಿದ್ದರು: ಎರಡು ಗುಡ್ಡದ ಜಾಗದಲ್ಲಿ ಸ್ವಲ್ಪ ನಿಲ್ಲಿಸಬೇಕು, ಹೂದಾನಿಯನ್ನು ಮೊದಲೇ ಬಿಟ್ಟುಕೊಡಬಾರದು, ಆ "ಆಹಾ"ದ ಹೊತ್ತಿಗೆ ಅವನು ಖಂಡಿತ ಕಬ್ಬಿಣದ ಕುರ್ಚಿಯಿಂದ ಕೆಳಕ್ಕೆ ಬೀಳುತ್ತಾನೆ. ಚೆನ್ನಾಗಿ ಕೂಡಿಬಂತು. ಹೇಳಿದರೆ ರುಚಿ ತಿಳಿಯುವವನು ಊರಿನಲ್ಲೆಲ್ಲ ಅವನೊಬ್ಬನೇ ಇದ್ದ.

"ರೀ," ಎಂದಳು ಹೆಂಡತಿ, ಮಸೂರದಿಂದ ಕಣ್ಣು ತೆಗೆಯದೆ.

"ಏನು?"

"ಬೆಳಕಿಗೆ ಅಡ್ಡ ನಿಂತಿದೀರಿ. ಸ್ವಲ್ಪ ಆ ಕಡೆ ಸರೀರಿ."

ಲೈಬ್ರರಿಯವರು ಸರಿದರು.